ಕಂಪ್ಲಿ ಟು ಲ್ಯಾಬ್ | ಭಾಗ 6: ಮಿಕ್ಸರ್ ನುಂಗಿದ ಡೆಸಿಬಲ್

"ಅಕ್ಕಾ, ಇಂಟರ್ನ್‌ಶಿಪ್‌ನಲ್ಲಿ ಏನ್ ಮಾಡ್ತೀರಾ?" ಅಂತ ಕೇಳಿದ ಎಲ್ಲ ತಮ್ಮ-ತಂಗಿಯರಿಗೆ ಈ ಪೋಸ್ಟ್.

ಭತ್ತದಿಂದ ಶುರು ಮಾಡೋಣ, ನಮ್ಮೂರಲ್ಲಿ ಅದು ಗೊತ್ತಿಲ್ಲದೋರು ಯಾರು? ಒಂದು ಕ್ವಿಂಟಲ್ ಭತ್ತ ಮಿಲ್ಲಿಗೆ ಹಾಕಿದ್ರೆ ಸರ್ಕಾರದ ಲೆಕ್ಕದಲ್ಲೇ ಬರೋದು 67 ಕಿಲೋ ಅಕ್ಕಿ. ಉಳಿದಿದ್ದು ಹೊಟ್ಟು, ತೌಡು. ಅಕ್ಕಿ ತೂಗಿ "ಭತ್ತ ಎಷ್ಟಿತ್ತು?" ಅಂತ ಹೇಳಬೇಕಂದ್ರೆ ಈ ಲೆಕ್ಕ ಬೇಕೇ ಬೇಕು.

ನನ್ನ ಕೆಲಸವೂ ಹಂಗೇ. ಕಾರಿನ ಹೊಸ ರಾಡಾರ್‌ಗಳು 76ರಿಂದ 81 ಗಿಗಾಹರ್ಟ್ಸ್‌ನಲ್ಲಿರುತ್ತವೆ. ನಮ್ಮ ಸಿಗ್ನಲ್ ಅನಲೈಸರ್ 50ಕ್ಕೇ ನಿಲ್ಲುತ್ತೆ. ಅದಕ್ಕೆ ಹೊರಗಡೆ ಒಂದು ಹಾರ್ಮೋನಿಕ್ ಮಿಕ್ಸರ್ ಜೋಡಿಸ್ತೀವಿ. ಅದು ಸಿಗ್ನಲನ್ನು ಅನಲೈಸರ್ ಓದಬಲ್ಲ ಕಡಿಮೆ ಆವರ್ತನಕ್ಕೆ ಇಳಿಸುತ್ತೆ. ಇಳಿಸುವಾಗ ಶಕ್ತಿಯ ಬಹುಪಾಲು ಹೋಗಿಬಿಡುತ್ತೆ. ಇದೇ ಕನ್ವರ್ಷನ್ ಲಾಸ್.

ಕಳೆದ ತಿಂಗಳು ಸೀನಿಯರ್‌ಗಳು ನಾಲ್ಕು ತಿಂಗಳು ಕೂತು ಮಾಡಿದ ಬೋರ್ಡ್ ರಿಜೆಕ್ಟ್ ಆಗೋದ್ರಲ್ಲಿತ್ತು. 77 ಗಿಗಾಹರ್ಟ್ಸ್‌ನಲ್ಲಿ ಬೇಕಿದ್ದದ್ದು ಮೈನಸ್ 10 ಡಿಬಿಎಂ. ಸ್ಕ್ರೀನ್ ಮೇಲೆ ಮೈನಸ್ 34! ಮಿಕ್ಸರ್ ಹಳೇದು, ಅದರ ಕ್ಯಾಲಿಬ್ರೇಷನ್ ಹಾಳೆ ಕಳೆದುಹೋಗಿತ್ತು, ಅನಲೈಸರ್‌ನಲ್ಲಿ ಲಾಸ್ ಸೊನ್ನೆ ಅಂತಲೇ ಇತ್ತು.

ಸರಿ, ನಾವೇ ಅಳೆದ್ವಿ:

1. ಸಿಗ್ನಲ್ ಸೋರ್ಸ್‌ನಿಂದ 77 ಗಿಗಾಹರ್ಟ್ಸ್ ಕೊಟ್ಟು ಪವರ್ ಮೀಟರ್‌ನಲ್ಲಿ ನೋಡಿದ್ವಿ: ಮೈನಸ್ 20.
2. ಅದೇ ಸಿಗ್ನಲ್ ಮಿಕ್ಸರ್ ಮೂಲಕ: ಮೈನಸ್ 44. ಅಂದ್ರೆ ಲಾಸ್ 24 ಡಿಬಿ.
3. ಇದನ್ನೇ 76ರಿಂದ 81ರವರೆಗೆ ಅರ್ಧರ್ಧ ಗಿಗಾಹರ್ಟ್ಸ್‌ಗೆ ಮಾಡಿ, ಟೇಬಲ್ ತಯಾರಿಸಿ ಅನಲೈಸರ್‌ಗೆ ತುಂಬಿದ್ವಿ. 76ರಲ್ಲಿ 23.6, 81ರಲ್ಲಿ 26.1. ಭತ್ತದ ತಳಿ ಬದಲಾದ್ರೆ ಅಕ್ಕಿಯ ಪ್ರಮಾಣ ಬದಲಾಗೋ ಹಾಗೆ, ಆವರ್ತನ ಬದಲಾದ್ರೆ ಲಾಸ್ ಕೂಡ ಬದಲಾಗುತ್ತೆ.

ಮತ್ತೆ ಬೋರ್ಡ್ ಹಾಕಿದ್ವಿ. ಮೈನಸ್ 34ಕ್ಕೆ 24 ಕೂಡಿಸಿ ಮೈನಸ್ 10. ಬೋರ್ಡ್ ಪಾಸ್!

ಕ್ಲಾಸ್‌ಮೇಟ್ಸ್, ಎರಡು ವಿಷಯ ನೆನಪಿಡಿ. ಅಳೆದಾಗ ಬಳಸಿದ ಕೇಬಲ್‌ಗಳನ್ನೇ ಮುಂದೂ ಬಳಸಿ. ಲೋಕಲ್ ಆಸಿಲೇಟರ್ ಕೇಬಲ್ ಉದ್ದ ಆದ್ರೆ ಮಿಕ್ಸರ್‌ಗೆ ಸಿಗೋ ಡ್ರೈವ್ ತಗ್ಗುತ್ತೆ, ಲಾಸ್ ಬದಲಾಗುತ್ತೆ. ಎರಡನೇದು, ಹೊರಗಿನ ಮಿಕ್ಸರ್ ಮುಂದೆ ಅನಲೈಸರ್‌ನ ಫಿಲ್ಟರ್ ಇರಲ್ಲ, ಸ್ಕ್ರೀನ್ ತುಂಬ ಸುಳ್ಳು ಸಿಗ್ನಲ್‌ಗಳು ಬರುತ್ತವೆ. ಮೊದಲು ಸಿಗ್ನಲ್ ಐಡಿ ಆನ್ ಮಾಡಿ ನಿಜವಾದದ್ದು ಯಾವುದು ನೋಡಿ. ಸುಳ್ಳು ಸಿಗ್ನಲ್‌ಗೆ ಎಷ್ಟು ಕೂಡಿಸಿದ್ರೂ ಸುಳ್ಳೇ.

ಟೇಬಲ್‌ನಲ್ಲಿ 3 ಡಿಬಿ ಹೆಚ್ಚುಕಮ್ಮಿ ಆದ್ರೆ ಪವರ್ ಲೆಕ್ಕದಲ್ಲಿ ಎರಡು ಪಟ್ಟು ವ್ಯತ್ಯಾಸ. ಒಳ್ಳೇ ಬೋರ್ಡ್ ಕಸದ ಬುಟ್ಟಿಗೆ ಹೋಗಬಹುದು, ಮಿತಿ ಮೀರಿದ್ದು ಮಾರ್ಕೆಟ್‌ಗೆ ಹೋಗಬಹುದು.

ಇದು ಹುಡುಗಿಯರ ಕೆಲಸ ಅಲ್ಲ ಅನ್ನೋರಿಗೆ ಒಂದು ಮಾತು: ರಾಜೇಶ್ವರಿ ಚಟರ್ಜಿ 1953ರಲ್ಲಿ ಅಮೆರಿಕದಿಂದ ಮರಳಿ ಬೆಂಗಳೂರಿನ ಐಐಎಸ್‌ಸಿ ಸೇರಿ ಮೈಕ್ರೋವೇವ್ ಸಂಶೋಧನೆ ಮಾಡಿದ ಕನ್ನಡತಿ.

ಡೌಟ್ ಇದ್ರೆ ಕಾಮೆಂಟ್‌ನಲ್ಲಿ ಕೇಳಿ. ಮುಂದಿನ ಭಾಗದಲ್ಲಿ ವೇವ್‌ಗೈಡ್: ತಂತಿ ಇಲ್ಲದ ಪೈಪ್‌ನಲ್ಲಿ ಸಿಗ್ನಲ್ ಹೇಗೆ ಹೋಗುತ್ತೆ?

#ಕಂಪ್ಲಿ #ಕನ್ನಡದಲ್ಲಿ_ಎಲೆಕ್ಟ್ರಾನಿಕ್ಸ್ #ಕಂಪ್ಲಿ_ಟು_ಲ್ಯಾಬ್