ವಿಮಾನ ಹಿಂದಕ್ಕೆ ಸರಿಯುವ ಹೊತ್ತು

ಮುಂಬೈ

ರಘು,

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸಕ್ಕೆ ಸೇರುತ್ತಿದ್ದೀಯೆಂದು ಅಕ್ಕ ಫೋನಿನಲ್ಲಿ ಹೇಳಿದಳು. ಮನೆಮಂದಿಗೆಲ್ಲ ಹಿಗ್ಗು. ಮುಂಬೈನ ಟಿ2 ಟರ್ಮಿನಲ್ಲಿನ ಗಾಜಿನ ಗೋಡೆಯ ಪಕ್ಕ ಕೂತು ಇದನ್ನು ಬರೆಯುತ್ತಿರುವುದೂ ಅದಕ್ಕೇ. ಇಲ್ಲಿಂದ ಕಾಣುವುದೆಲ್ಲ ನಾಳೆ ನೀನು ಮಾಡಬೇಕಾದ ಕೆಲಸ.

ಕೆಳಗಿನ ಬೇಯಲ್ಲಿ ಏರ್‌ಬಸ್ ಒಂದು ಹೊರಡಲು ಸಿದ್ಧವಾಗಿದೆ. ಟರ್ಮಿನಲ್ಲಿಗೆ ಮುಖ ಮಾಡಿ ನಿಂತ ಜೆಟ್ ವಿಮಾನವನ್ನು ಸಾಮಾನ್ಯವಾಗಿ ಅದರ ಎಂಜಿನ್ ಬಲದಿಂದ ಹಿಂದಕ್ಕೆ ಸರಿಸುವುದಿಲ್ಲ. ಮೂಗಿನ ಕೆಳಗಿನ ಚಕ್ರಕ್ಕೆ ಉದ್ದನೆಯ ಟೋ ಬಾರ್ ಸಿಕ್ಕಿಸಿ, ಕುಳ್ಳಗೆ ಅಗಲವಾಗಿರುವ ಟಗ್ ಅದನ್ನು ತಳ್ಳುತ್ತದೆ. ಬಾರಿನಲ್ಲಿ ಒಂದು ಶಿಯರ್ ಪಿನ್ ಇರುತ್ತದೆ. ಎಳೆತ ಮಿತಿ ಮೀರಿದರೆ ಮೊದಲು ಮುರಿಯುವುದು ಆ ಪಿನ್ನು. ವಿಮಾನದ ಕಾಲು ಉಳಿದುಕೊಳ್ಳುತ್ತದೆ. ಚಕ್ರದ ಸ್ಟೀರಿಂಗನ್ನು ಪೈಲಟ್ ಕೈಯಿಂದ ಬಿಡಿಸಲು ಬೈಪಾಸ್ ಪಿನ್ ಎಂಬ ಇನ್ನೊಂದು ಪಿನ್ ಹಾಕುತ್ತಾರೆ. ಅದಕ್ಕೆ ಕೆಂಪು ಪಟ್ಟಿ ಜೋತಾಡುತ್ತಿರುತ್ತದೆ. ತಳ್ಳಿ ಮುಗಿದ ಮೇಲೆ ಹೆಡ್‌ಸೆಟ್ ಹಾಕಿದವನು ಆ ಪಿನ್ ಕಿತ್ತು, ಪಟ್ಟಿಯ ಸಮೇತ ಎತ್ತಿ ಪೈಲಟ್‌ಗೆ ತೋರಿಸಿ, ಹೆಬ್ಬೆರಳು ಎತ್ತುತ್ತಾನೆ. ಬಾರ್ ಬಿಚ್ಚಿದೆ, ಪಿನ್ ತೆಗೆದಿದೆ, ಜನ ಯಾರೂ ಹತ್ತಿರ ಇಲ್ಲ, ಇನ್ನು ಹೊರಡಬಹುದು ಎನ್ನುವುದೆಲ್ಲ ಆ ಒಂದು ಸನ್ನೆಯಲ್ಲಿ ಅಡಗಿದೆ.

ಇದೇ ನಿಲ್ದಾಣದಲ್ಲಿ, 2015ರ ಡಿಸೆಂಬರ್ 16ರ ರಾತ್ರಿ, ಆ ಸನ್ನೆ ಬರುವ ಮೊದಲೇ ಒಂದು ವಿಮಾನ ಹೊರಟಿತು.

ಅದು ಏರ್ ಇಂಡಿಯಾದ ಎಐ 619, ಹೈದರಾಬಾದಿಗೆ ಹೊರಟಿದ್ದ ಏರ್‌ಬಸ್ ಎ319. ಹೊತ್ತು ಎಂಟೂವರೆ ದಾಟಿತ್ತು. ಟಗ್ ವಿಮಾನವನ್ನು ಹಿಂದಕ್ಕೆ ತಳ್ಳಿ ಆಗಿತ್ತು, ಎಂಜಿನ್ ಚಾಲೂ ಆಗಿತ್ತು. ಹೆಡ್‌ಸೆಟ್ ಹಾಕಿದ್ದ ಸರ್ವಿಸ್ ಎಂಜಿನಿಯರ್ ಎಂಜಿನ್ನಿಗೆ ಬೆನ್ನು ಮಾಡಿ ನಿಂತಿದ್ದರು. ವಿಮಾನ ಚಲಿಸಿತು, ಎಂಜಿನ್ ಅವರನ್ನು ಒಳಗೆಳೆದುಕೊಂಡಿತು. ಕೋ-ಪೈಲಟ್ ಸನ್ನೆಯನ್ನು ತಪ್ಪಾಗಿ ತಿಳಿದರು ಎಂದು ಮೊದಲ ವರದಿಗಳು ಹೇಳಿದವು. ನೆಲದ ಸಿಬ್ಬಂದಿಯ ಅಂತಿಮ ಒಪ್ಪಿಗೆಯನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳದೆ ವಿಮಾನ ಚಲಿಸಿದ್ದೇ ಕಾರಣವೆಂಬುದು ತನಿಖೆಯಲ್ಲಿ ತಿಳಿಯಿತು.

ಪೈಲಟ್‌ಗಳನ್ನು ಕೆಲಸದಿಂದ ದೂರವಿರಿಸಿ ವಿಚಾರಣೆ ನಡೆಸಿದರು. ಸಂಸ್ಥೆ ವಿಷಾದ ಸೂಚಿಸಿತು. ಆದರೆ ಡ್ಯೂಟಿಗೆಂದು ಹೋದವರು ಆ ರಾತ್ರಿ ಮನೆಗೆ ಮರಳಲಿಲ್ಲ. ರನ್‌ವೇಯಲ್ಲಿ ಅಲ್ಲ, ಆಕಾಶದಲ್ಲಿ ಅಲ್ಲ. ಮನುಷ್ಯ ನಡೆಯುವ ವೇಗದಲ್ಲಿ ವಿಮಾನ ಸಾಗುವ ಜಾಗದಲ್ಲಿ ನಡೆದ ಸಾವು ಇದು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಜೀವ ಹೋಗದ ಅವಘಡಗಳೂ ಕಡಿಮೆಯಿಲ್ಲ. 2022ರ ಮಾರ್ಚ್ 28ರಂದು ದೆಹಲಿಯಲ್ಲಿ, ಜಮ್ಮುವಿಗೆ ಹೊರಟಿದ್ದ ಸ್ಪೈಸ್‌ಜೆಟ್‌ನ ಬೋಯಿಂಗ್ 737 ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಬಲರೆಕ್ಕೆ ಕಂಬಕ್ಕೆ ಬಡಿಯಿತು. ರೆಕ್ಕೆಯ ಹಿಂಬದಿಯ ಏಲೆರಾನ್ ಜಖಂ ಆಯಿತು, ಪ್ರಯಾಣಿಕರನ್ನು ಬೇರೆ ವಿಮಾನಕ್ಕೆ ಹತ್ತಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಟಗ್ ಎಳೆದೊಯ್ಯುತ್ತಿದ್ದ ಏರ್‌ಬಸ್ ಎ321, ಪ್ರಯಾಣಿಕರಿದ್ದ ಬಸ್ಸಿಗೆ ಡಿಕ್ಕಿ ಹೊಡೆದು ಹಲವರು ಗಾಯಗೊಂಡರು. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ, ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ ರನ್‌ವೇ ಕಡೆ ಸಾಗುವಾಗ ಟಗ್‌ಗೇ ಗುದ್ದಿತು. ನೀನು ಕೆಲಸ ಮಾಡಲಿರುವ ಬೆಂಗಳೂರಿನಲ್ಲೇ 2025ರ ಏಪ್ರಿಲ್‌ನಲ್ಲಿ, ನಿಂತಿದ್ದ ಇಂಡಿಗೋ ವಿಮಾನದ ಕೆಳಕ್ಕೆ ಟೆಂಪೋ ಟ್ರಾವೆಲರ್ ನುಗ್ಗಿ ಅದರ ಚಾವಣಿ ನಜ್ಜುಗುಜ್ಜಾಯಿತು.

ತಳ್ಳುವ ಹೊತ್ತಿನಲ್ಲಿ ಪೈಲಟ್‌ಗೆ ವಿಮಾನದ ಹಿಂದೆ ಏನಿದೆ ಎಂಬುದು ಕಾಣುವುದೇ ಇಲ್ಲ. ಎ320ರ ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 34 ಮೀಟರ್. ಟಗ್ ಚಾಲಕನಿಗೂ ಎರಡೂ ತುದಿಗಳ ಮೇಲೆ ಒಟ್ಟಿಗೆ ಕಣ್ಣಿಡಲಾಗದು. ಅದಕ್ಕೇ ರೆಕ್ಕೆಯ ತುದಿಗೊಬ್ಬ ವಿಂಗ್ ವಾಕರ್ ನಡೆಯುವುದು. ಇಡೀ ತಂಡದಲ್ಲಿ ಮುಖ್ಯವಾದ ಕಣ್ಣು ಅವನದೇ. ಸಿಬ್ಬಂದಿ ಕಡಿಮೆಯೆಂದು ಒಬ್ಬನನ್ನು ಬಿಟ್ಟು ತಳ್ಳುವುದು, ತಡವಾಯಿತೆಂದು ಬೇಗ ಬೇಗ ಬಾರ್ ಬಿಚ್ಚುವುದು, ಇವಕ್ಕೆ ಯಾವ ಸಮಜಾಯಿಷಿಯೂ ಸಲ್ಲದು.

ಬಾಯಿಮಾತಿನ ಎಚ್ಚರಿಕೆಯೂ ಸಾಲದು. ಅಮೆರಿಕದ ಅಲಬಾಮಾದ ಮಾಂಟ್ಗಾಮರಿಯಲ್ಲಿ 2022ರ ಡಿಸೆಂಬರ್ 31ರಂದು ನೆಲದ ಸಿಬ್ಬಂದಿಯೊಬ್ಬರು ಇದೇ ರೀತಿ ಎಂಜಿನ್ನಿಗೆ ಸಿಲುಕಿ ಸತ್ತರು. ವಿಮಾನ ಬಂದು ನಿಂತ ಮೇಲೂ ಎಂಜಿನ್ ಓಡುತ್ತಿರುತ್ತದೆ, ಹತ್ತಿರ ಹೋಗಬೇಡಿ ಎಂದು ತಂಡವನ್ನು ಸೇರಿಸಿ ಮೊದಲೇ ಹೇಳಲಾಗಿತ್ತು ಎಂದು ಅಲ್ಲಿನ ತನಿಖಾ ಸಂಸ್ಥೆ ದಾಖಲಿಸಿದೆ.

ಎಂಜಿನ್ನಿನ ನಡುವೆ ಬಿಳಿ ಬಣ್ಣದ ಸುರುಳಿ ಗುರುತು ಬಳಿದಿರುವುದನ್ನು ನೀನು ನೋಡಿರುತ್ತೀಯ. ಅದು ಅಲಂಕಾರಕ್ಕಲ್ಲ. ಕಿವಿಗೆ ರಕ್ಷಣೆ ಹಾಕಿಕೊಂಡವನಿಗೆ, ಸುತ್ತ ಹತ್ತು ವಿಮಾನಗಳ ಸದ್ದಿನಲ್ಲಿ, ಯಾವ ಎಂಜಿನ್ ತಿರುಗುತ್ತಿದೆಯೆಂದು ಕಿವಿಯಿಂದ ತಿಳಿಯದು. ಕಣ್ಣಿಗಾದರೂ ತಿಳಿಯಲಿ ಎಂದು ಅದನ್ನು ಬಳಿಯುತ್ತಾರೆ. ವಿಮಾನದ ಹೊಟ್ಟೆಯ ಕೆಳಗೂ ಬೆನ್ನ ಮೇಲೂ ಮಿನುಗುವ ಕೆಂಪು ದೀಪವೂ ಅಷ್ಟೆ. ಅದು ಮಿನುಗತೊಡಗಿದರೆ ಎಂಜಿನ್ ಚಾಲೂ ಆಗಿದೆ ಅಥವಾ ಆಗಲಿದೆ ಎಂದು ತಿಳಿ.

ತರಬೇತಿಯಲ್ಲಿ ಇದನ್ನೆಲ್ಲ ಕಲಿಸುತ್ತಾರೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ, ಮಳೆಯಲ್ಲಿ, ಮೇಲಿನವರು ವಾಕಿಟಾಕಿಯಲ್ಲಿ ಅವಸರ ಮಾಡುವಾಗ ಇದು ನೆನಪಿರಬೇಕು. ಜೊತೆಗಾರ ಇನ್ನೂ ವಿಮಾನದ ಕೆಳಗಿದ್ದರೆ ನೀನು ಕೈ ಎತ್ತಬೇಡ. ಎಂಜಿನ್ನಿಗೆ ಯಾವತ್ತೂ ಬೆನ್ನು ಕೊಡಬೇಡ. ವಿಮಾನ ತಡವಾದರೆ ಬೈಸಿಕೊಂಡು ಬಾ, ಪರವಾಗಿಲ್ಲ. ಅಕ್ಕನಿಗೂ ಅದನ್ನೇ ಹೇಳಿದ್ದೇನೆ.

ಇಂತು ನಿನ್ನ ಮಾವ