ಬಿಸಿನೀರಿನ ಬೋಗುಣಿ

ನಿಮ್ಮ ಪಾದಗಳನ್ನು ಇನ್ನೊಬ್ಬರು ತೊಳೆದು ಎಷ್ಟು ವರ್ಷಗಳಾದವು? ಪವಿತ್ರ ಗುರುವಾರದ ವಿಧಿಯನ್ನು ಕುರಿತು ನಾನು ಕೇಳುತ್ತಿಲ್ಲ. ಮಾಮೂಲಿ ದಿನವೊಂದರಲ್ಲಿ ಯಾರಾದರೂ ನಿಮ್ಮ ಮುಂದೆ ಕುಳಿತು, ನಿಮ್ಮ ಕಾಲನ್ನು ಕೈಗೆತ್ತಿಕೊಂಡದ್ದು ಯಾವಾಗ? ಈ ಪ್ರಶ್ನೆ ನನ್ನೊಳಗೆ ಹುಟ್ಟಿದ್ದು ಬೆಂಗಳೂರಿನ ಒಂದು ಸ್ಪಾದಲ್ಲಿ.

ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನಿಂತೇ ಪಾಠ ಹೇಳಿದ ಕಾಲುಗಳಿಗೆ ವಿಶ್ರಾಂತಿ ಬೇಕೆಂದು, ನಾನು ನಿವೃತ್ತಳಾದ ತಿಂಗಳು ಮಗಳು ಒಂದು ಗಂಟೆಯ ಅಂಗಮರ್ದನಕ್ಕೆ ಮುಂಗಡ ಹಣ ಕಟ್ಟಿ ಬಂದಿದ್ದಳು. ಹೋಗದಿದ್ದರೆ ಹಣ ಹಿಂದಿರುಗದು ಎಂಬ ಒಂದೇ ಕಾರಣಕ್ಕೆ ಹೋದೆ. ಮಂದ ಬೆಳಕು, ಮಜ್ಜಿಗೆಹುಲ್ಲಿನ ಪರಿಮಳ, ಎಲ್ಲಿಂದಲೋ ಕೇಳಿಬರುವ ಕೊಳಲು. ಗೋಡೆಯ ಫಲಕದಲ್ಲಿ ಹೆಸರುಗಳ ಸಾಲು: ಸ್ವೀಡಿಷ್ ಮಸಾಜ್, ಬಿಸಿಕಲ್ಲಿನ ಮಸಾಜ್, ಶಿರೋಧಾರಾ, ಹಬೆಸ್ನಾನ, ಸೌನಾ, ಗಿಡಮೂಲಿಕೆಗಳ ಲೇಪ. ಒಂದೊಂದರ ಬೆಲೆಯೂ ನಮ್ಮ ಮನೆಯ ವಾರದ ದಿನಸಿಗೆ ಸಮ. ಈಶಾನ್ಯ ರಾಜ್ಯವೊಂದರಿಂದ ದುಡಿಮೆಗಾಗಿ ಬಂದ ಯುವತಿಯೊಬ್ಬಳು ನನ್ನ ರಕ್ತದೊತ್ತಡ, ಹಿಂದಿನ ಶಸ್ತ್ರಚಿಕಿತ್ಸೆ, ಸೇವಿಸುವ ಮಾತ್ರೆಗಳ ಬಗ್ಗೆ ವಿಚಾರಿಸಿದಳು. ಅನಂತರ ಹಿತ್ತಾಳೆಯ ಬೋಗುಣಿಯಲ್ಲಿ ಬಿಸಿನೀರು ತಂದು, ನೆಲದ ಮೇಲೆ ಕುಳಿತು, ನನ್ನ ಪಾದಗಳನ್ನು ತೊಳೆಯತೊಡಗಿದಳು. ನಾನು ತಟಕ್ಕನೆ ಕಾಲನ್ನು ಹಿಂದಕ್ಕೆಳೆದುಕೊಂಡೆ. "ನೀರು ಹೆಚ್ಚು ಬಿಸಿಯಾಯಿತೇ, ಆಂಟಿ?" ಎಂದಳು. ನೀರು ಹದವಾಗಿಯೇ ಇತ್ತು. ನನ್ನ ಕಣ್ಣು ತುಂಬಿದ್ದೇಕೆಂದು ಆ ಹುಡುಗಿಗೆ ಹೇಗೆ ವಿವರಿಸಲಿ?

ಅದನ್ನು ಹೇಳುವ ಮುನ್ನ ಈ ಸ್ಪಾಗಳ ಕುರಿತು ನಾನು ತಿಳಿದುಕೊಂಡ ನಾಲ್ಕು ಮಾತುಗಳನ್ನು ಹಂಚಿಕೊಳ್ಳುತ್ತೇನೆ. ಸ್ಪಾ ಎಂಬುದು ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಕಬ್ಬಿಣದ ಅಂಶವುಳ್ಳ ಅಲ್ಲಿಯ ಚಿಲುಮೆಗಳ ನೀರನ್ನು ಅರಸಿ ಜನರು ಶತಮಾನಗಳಿಂದ ಬರುತ್ತಿದ್ದರು. 2021ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಯೂರೋಪಿನ 11 ಸ್ನಾನಪಟ್ಟಣಗಳಲ್ಲಿ ಆ ಊರೂ ಒಂದು. ಇಂಥ ಚಿಕಿತ್ಸೆಯನ್ನು ಬಡವರ ಬಳಿಗೂ ಒಯ್ದವರಲ್ಲಿ ಒಬ್ಬರು ನಮ್ಮ ಧರ್ಮಸಭೆಯ ಗುರುಗಳೇ ಎಂಬುದು ನನಗೆ ತಿಳಿದಿರಲಿಲ್ಲ. ಜರ್ಮನಿಯ ಬವೇರಿಯಾದ ಸೆಬಾಸ್ಟಿಯನ್ ಕ್ನೈಪ್ 1821ರಲ್ಲಿ ನೇಕಾರನ ಮಗನಾಗಿ ಹುಟ್ಟಿದವರು. ವಿದ್ಯಾರ್ಥಿಯಾಗಿದ್ದಾಗ ಕ್ಷಯದಿಂದ ಬಳಲಿ, ಹಳೆಯ ಪುಸ್ತಕವೊಂದರಲ್ಲಿ ಓದಿದಂತೆ ಚಳಿಗಾಲದ ಡ್ಯಾನ್ಯೂಬ್ ನದಿಯಲ್ಲಿ ಮುಳುಗೆದ್ದು ಚೇತರಿಸಿಕೊಂಡೆನೆಂದು ನಂಬಿದರು. 1852ರಲ್ಲಿ ಗುರುದೀಕ್ಷೆ ಪಡೆದು, ಮೂರು ವರ್ಷಗಳ ಬಳಿಕ ವೋರಿಸ್‌ಹೋಫನ್ ಎಂಬ ಹಳ್ಳಿಯ ಕನ್ಯಾಮಠಕ್ಕೆ ಬಂದರು. 1886ರಲ್ಲಿ ಪ್ರಕಟವಾದ ಅವರ ಜಲಚಿಕಿತ್ಸೆಯ ಪುಸ್ತಕ ಆ ಹಳ್ಳಿಗೆ ದೇಶವಿದೇಶಗಳ ರೋಗಿಗಳನ್ನು ಕರೆತಂದಿತು. ಅವರ ಉಪಚಾರ ಬಹು ಸರಳ: ತಣ್ಣೀರಿನ ಎರಚು, ಇಬ್ಬನಿಯ ಹುಲ್ಲಿನ ಮೇಲೆ ಬರಿಗಾಲ ನಡಿಗೆ, ಗಿಡಮೂಲಿಕೆ, ಮಿತವಾದ ಊಟ, ಕ್ರಮಬದ್ಧ ಜೀವನ. ಕ್ಷಯಕ್ಕೆ ಇಂದು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಮಾತ್ರೆಗಳಿವೆ. ತಣ್ಣೀರು ಅದಕ್ಕೆ ಮದ್ದಲ್ಲ. ಆದರೂ ರೋಗಿಯ ಪಕ್ಕದಲ್ಲಿ ನೀರಿನ ಪಾತ್ರೆ ಹಿಡಿದು ನಿಂತ ಆ ಗುರುವಿನ ಚಿತ್ರ ನನಗೆ ಪ್ರಿಯವಾಯಿತು.

ಹಾಗೆಂದು ಫಲಕದಲ್ಲಿ ಬರೆದದ್ದನ್ನೆಲ್ಲ ನಂಬಬೇಡಿ. ಹಬೆಯಿಂದ ದೇಹದ ವಿಷವೆಲ್ಲ ಇಳಿದುಹೋಗುತ್ತದೆ ಎನ್ನುತ್ತಾರೆ. ಬೆವರಿನಲ್ಲಿ ಇರುವುದು ಬಹುಪಾಲು ನೀರು ಮತ್ತು ಉಪ್ಪು. ರಕ್ತವನ್ನು ಶುದ್ಧಗೊಳಿಸುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಹಗಲಿರುಳು ಮಾಡುತ್ತಲೇ ಇರುತ್ತವೆ. ಸೌನಾದಲ್ಲಿ ಇಳಿದ ತೂಕ ಎರಡು ಲೋಟ ನೀರು ಕುಡಿದೊಡನೆ ಮರಳುತ್ತದೆ. ಮೈ ತಿಕ್ಕಿಸಿಕೊಂಡರೆ ಬಿಗಿದ ಸ್ನಾಯುಗಳು ಸಡಿಲಗೊಂಡು, ನೋವೂ ಆತಂಕವೂ ಸ್ವಲ್ಪ ಕಾಲ ತಗ್ಗುತ್ತವೆ. ಅದೇನೂ ಸಣ್ಣ ಉಪಕಾರವಲ್ಲ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಬಾರದು, ವೈದ್ಯರ ಬಳಿಗೆ ಹೋಗಬೇಕು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶವನ್ನು ಸೇರಬಹುದು. ಹೃದ್ರೋಗಿಗಳೂ ಗರ್ಭಿಣಿಯರೂ ಬಿಸಿ ಹಬೆಯ ಕೋಣೆಗೆ ಹೊಗುವ ಮುನ್ನ ವೈದ್ಯರನ್ನು ಕೇಳಬೇಕು.

ಈಗ ನನ್ನ ಕಣ್ಣೀರಿನ ವಿಷಯ. ನಮ್ಮ ಮನೆಯಲ್ಲಿ ಶನಿವಾರವೆಂದರೆ ಎಣ್ಣೆಸ್ನಾನ. ಬೆಳಗಿನ ಜಾವದಲ್ಲೇ ಬಚ್ಚಲ ಹಂಡೆಗೆ ಉರಿ ಹಾಕಿ, ಹರಳೆಣ್ಣೆ ಬೆಚ್ಚಗೆ ಮಾಡಿ, ಅಮ್ಮ ಐವರು ಮಕ್ಕಳನ್ನೂ ಸಾಲಾಗಿ ಕೂರಿಸುತ್ತಿದ್ದಳು. ನೆತ್ತಿ ತಟ್ಟಿ, ಬೆನ್ನು ನೀವಿ, ಬೆರಳುಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ಸೀಗೆಪುಡಿ ಕಣ್ಣಿಗೆ ಬಿತ್ತೆಂದು ಅತ್ತವರ ಬೆನ್ನಿಗೊಂದು ಏಟೂ ಬೀಳುತ್ತಿತ್ತು. ಕೇರಿಯ ಬಾಣಂತಿಯರಿಗೆ ನೀರು ಹಾಕಲೂ ಆಕೆಯನ್ನೇ ಕರೆಯುತ್ತಿದ್ದರು. ಇಂಥ ತಾಯಿ ಪಾರ್ಶ್ವವಾಯುವಿನಿಂದ ಎರಡು ವರ್ಷ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಳು. ಸಂಬಳಕ್ಕೆ ಒಬ್ಬ ದಾದಿಯನ್ನು ಗೊತ್ತುಮಾಡಿದೆ. ಔಷಧಕ್ಕೆ, ಹಣ್ಣುಹಂಪಲಿಗೆ ಕೊರತೆ ಮಾಡಲಿಲ್ಲ. ದಿನವೂ ಸಂಜೆ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತಿದ್ದೆ. ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇರುತ್ತಿತ್ತು. ಒಂದು ಸಂಜೆ ಅಮ್ಮ ತೊದಲುತ್ತಾ, "ಕಾಲು ಒಣಗಿ ಬಿರಿದಿದೆ ಮಗಳೇ, ಚೂರು ಎಣ್ಣೆ ಹಚ್ಚುತ್ತೀಯಾ?" ಎಂದಳು. "ನಾಳೆ ದಾದಿಗೆ ಹೇಳುತ್ತೇನೆ" ಎಂದು ನಾನು ಒಳಗೆ ನಡೆದೆ. ಮರೆಯದೆ ಹೇಳಿದೆ, ದಾದಿ ಹಚ್ಚಿದಳು. ಅದಾದ ಮೇಲೂ ಅಮ್ಮ ಏಳು ತಿಂಗಳು ಬದುಕಿದ್ದಳು. ನನ್ನನ್ನು ಮತ್ತೆ ಕೇಳಲಿಲ್ಲ.

ಆ ಸ್ಪಾದ ಮಂಚದ ಮೇಲೆ ನನಗೆ ಅರ್ಥವಾದದ್ದು ಇಷ್ಟೇ. ಅಮ್ಮ ಎಣ್ಣೆಯನ್ನು ಕೇಳಿರಲಿಲ್ಲ, ನನ್ನ ಕೈಯನ್ನು ಕೇಳಿದ್ದಳು. ಹಣ ತೆತ್ತು ಪಡೆದ ಸೇವೆಯನ್ನು ನಾನು ಹಗುರ ಮಾಡುತ್ತಿಲ್ಲ. ಆ ದಾದಿಯ ಕೈಗಳಲ್ಲಿಯೂ ಈ ಹುಡುಗಿಯ ಕೈಗಳಲ್ಲಿಯೂ ಕರುಣೆಯಿತ್ತು. ಆದರೆ ಅವರ ಕೈ ನನ್ನ ಕೈಯ ಬದಲಿಗೆ ಸಲ್ಲುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಮ್ಮ ಇದ್ದಾರೆ. ಎಂಬತ್ತೊಂದು ವರ್ಷ, ಬಹುಕಾಲದ ಸಕ್ಕರೆ ಕಾಯಿಲೆ. ಸ್ಪಾದಿಂದ ಮರಳಿದ ಸಂಜೆಯೇ ಬಿಸಿನೀರಿನ ಬೋಗುಣಿ ಹಿಡಿದು ಅವರ ಮುಂದೆ ಕುಳಿತೆ. ಅವರೂ ನನ್ನಂತೆಯೇ ಕಾಲನ್ನು ಹಿಂದಕ್ಕೆಳೆದುಕೊಂಡರು! ಮೂರನೆಯ ವಾರ ಅವರ ಹಿಮ್ಮಡಿಯಲ್ಲಿ ಒಂದು ಸಣ್ಣ ಹುಣ್ಣು ಕಂಡಿತು. ಸಕ್ಕರೆ ಕಾಯಿಲೆ ನರಗಳನ್ನು ಮಂಕಾಗಿಸುವುದರಿಂದ ಅವರಿಗೆ ನೋವೇ ತಿಳಿದಿರಲಿಲ್ಲ. ವೈದ್ಯರು ಅಂದೇ ಚಿಕಿತ್ಸೆ ಆರಂಭಿಸಿದರು. ತಡವಾಗಿದ್ದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಸಂಗ ಬರಬಹುದಿತ್ತು ಎಂದರು. ಅವರು ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ: ನೀರು ಉಗುರುಬೆಚ್ಚಗಿರಲಿ, ಅದರ ಬಿಸಿಯನ್ನು ನಿಮ್ಮ ಮೊಣಕೈಯಿಂದ ಪರೀಕ್ಷಿಸಿ, ಕಾಲುಗಳನ್ನು ಬಹಳ ಹೊತ್ತು ನೆನೆಸಬೇಡಿ, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಅಲ್ಲಿ ಎಣ್ಣೆ ನಿಲ್ಲಲು ಬಿಡಬೇಡಿ, ಅಂಗಾಲನ್ನು ದಿನವೂ ಬೆಳಕಿನಲ್ಲಿ ನೋಡಿ.

ಮೊನ್ನೆ ಎಣ್ಣೆ ಹಚ್ಚುತ್ತಿದ್ದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ, "ಅಕ್ಕನ ಕೈಯೂ ಹೀಗೇ ಬಿಸಿಯಾಗಿರುತ್ತಿತ್ತು" ಎಂದರು. ನಾನು ಏನೂ ಹೇಳಲಿಲ್ಲ. ಇನ್ನೊಂದು ಪಾದವನ್ನು ಕೈಗೆತ್ತಿಕೊಂಡೆ.

ಪ್ರಿಯ ಓದುಗರೇ, ಸ್ಪಾಗೆ ಹೋಗಬೇಡಿ ಎನ್ನಲು ಇದನ್ನು ಬರೆದವಳಲ್ಲ. ದಣಿದಿದ್ದರೆ ಹೋಗಿ ಬನ್ನಿ. ಆದರೆ ನಿಮ್ಮ ಮನೆಯ ಒಳಕೋಣೆಯಲ್ಲಿ ಹಿರಿಯರೊಬ್ಬರಿದ್ದರೆ, ಇಂದು ಸಂಜೆ ಬಾಗಿಲಲ್ಲೇ ನಿಂತು ಮಾತನಾಡಬೇಡಿ. ಒಳಗೆ ಹೋಗಿ ಕುಳಿತುಕೊಳ್ಳಿ.