ಸುತ್ತಿಗೆಯ ಸದ್ದು ಬಲ್ಲವರು

ನಮ್ಮಪ್ಪ ಬಾಯ್ಲರ್ ಮೇಕರ್. ಮೈಸೂರು ಸೀಮೆಯ ಒಂದು ಮೀಟರ್ ಗೇಜ್ ಜಂಕ್ಷನ್ನಿನ ಲೋಕೋ ಶೆಡ್ಡಿನಲ್ಲಿ ಕೆಲಸ. 1970ರ ದಶಕದಲ್ಲಿ ಆ ಶೆಡ್ಡಿನ ತುಂಬ ವೈಪಿ, ವೈಜಿ ಎಂಜಿನ್‌ಗಳಿದ್ದವು. ವೈಪಿ ಪ್ಯಾಸೆಂಜರ್ ಗಾಡಿಗೆ, ವೈಜಿ ಗೂಡ್ಸಿಗೆ. ಮಧ್ಯಾಹ್ನ ಊಟದ ಕ್ಯಾರಿಯರ್ ಕೊಡಲು ಹೋದರೆ ಅಪ್ಪ ಹೊರಗೆಲ್ಲೂ ಕಾಣುತ್ತಿರಲಿಲ್ಲ. ಯಾವುದೋ ಎಂಜಿನ್ನಿನ ಫೈರ್‌ಬಾಕ್ಸಿನೊಳಗೆ ಇರುತ್ತಿದ್ದರು. ಕಲ್ಲಿದ್ದಲು ಹಾಕುವ ಬಾಗಿಲಲ್ಲೇ ಮೈ ತೂರಿಸಿ ಒಳಗಿಳಿಯಬೇಕು. ಬೆಂಕಿ ತೆಗೆದು ಎಷ್ಟು ಹೊತ್ತಾಗಿದ್ದರೂ ಒಳಗಿನ ಕಾವು ಪೂರ್ತಿ ಆರಿರುತ್ತಿರಲಿಲ್ಲ.

ಒಳಗಿಂದ ಟಣ್ ಟಣ್ ಎಂಬ ಸದ್ದು ಬರುತ್ತಿತ್ತು. ಫೈರ್‌ಬಾಕ್ಸಿನ ಗೋಡೆ ಎರಡು ಪದರದ್ದು, ನಡುವೆ ನೀರು. ಆ ಎರಡು ಪದರ ಉಬ್ಬಿ ದೂರವಾಗದಂತೆ ಹಿಡಿದಿಡುವುದು ನೂರಾರು ಸ್ಟೇಗಳು, ಅಂದರೆ ಗಿಡ್ಡ ಉಕ್ಕಿನ ಸರಳುಗಳು. ಅಪ್ಪ ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿಯಾಗಿರುವುದು ಟಣ್ ಅನ್ನುತ್ತದೆ, ಒಳಗೆ ಮುರಿದದ್ದು ಡಬ್ ಅನ್ನುತ್ತದೆ. ಮುರಿದದ್ದಕ್ಕೆ ಸೀಮೆಸುಣ್ಣದ ಗುರುತು. "ಗೊತ್ತಾಯ್ತೇನೋ?" ಎಂದು ಒಳಗಿಂದಲೇ ಕೇಳೋರು. ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು.

ಆ ಕೆಲಸವೇ ಅವರ ಕಿವಿಯನ್ನು ತಿಂದಿತು. ಐವತ್ತು ದಾಟುವಷ್ಟರಲ್ಲಿ ಮನೆಯಲ್ಲಿ ಅವರೊಂದಿಗೆ ಕೂಗಿ ಮಾತಾಡಬೇಕಾಯಿತು. ಕೆಮ್ಮು ಕೊನೆವರೆಗೂ ಬಿಡಲಿಲ್ಲ. ಉಗಿ ಎಂಜಿನ್ ಎಂದರೆ ಈಗಿನವರಿಗೆ ಬಿಳಿ ಹೊಗೆ, ಇಂಪಾದ ಸಿಳ್ಳೆ. ನಮ್ಮ ಮನೆಗೆ ಅದು ಮಸಿ ಹಿಡಿದ ಬಟ್ಟೆ, ಸುಟ್ಟ ಮೊಣಕೈ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ಡ್ಯೂಟಿಗೆ ಕರೆಯುವ ಕಾಲ್ ಬಾಯ್. ಆ ದಿನಗಳು ಮತ್ತೆ ಬರಲಿ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ. ನಾನೂ ರೈಲ್ವೆ ಸೇರಿದೆ. ಅಪ್ರೆಂಟಿಸ್ ದಿನಗಳಲ್ಲಿ ಸ್ವಲ್ಪ ಕಾಲ ಉಗಿ ಶೆಡ್ಡು, ಆಮೇಲೆ ನಿವೃತ್ತಿಯವರೆಗೆ ಡೀಸೆಲ್.

ಕೆಲವು ವರ್ಷಗಳ ಹಿಂದೆ ನಾಲ್ಕೈದು ಮಂದಿ ಹುಡುಗರು ಮನೆಗೆ ಬಂದರು. ಎಲ್ಲರೂ ಓದಿದವರು, ರೈಲಿನ ಹುಚ್ಚಿನವರು. ಊರೊಂದರಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ ವೈಪಿ ಎಂಜಿನ್ ಇತ್ತು. "ಸಾರ್, ಅದನ್ನ ಮತ್ತೆ ಓಡಿಸೋಕಾಗಲ್ವಾ? ನೋಡೋಕೆ ಚೆನ್ನಾಗೇ ಇದೆ" ಎಂದರು. ಅನುಮತಿ ಪಡೆದು ಎಲ್ಲರೂ ಹೋಗಿ ನೋಡಿದೆವು.

ಹೊರಗೆ ಕರಿ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಉಗುರಿನಿಂದ ಕೆರೆದರೆ ಬಣ್ಣದ ಪದರದ ಜೊತೆ ತುಕ್ಕೂ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಚಿಮಣಿಗೆ ಮುಚ್ಚಳವಿರಲಿಲ್ಲ. ಮಳೆನೀರು ಇಳಿದು ಚಿಮಣಿಯ ಬುಡದ ಸ್ಮೋಕ್‌ಬಾಕ್ಸಿನ ತಳದಲ್ಲಿ ಹಳೆಯ ಬೂದಿಯೊಂದಿಗೆ ಸೇರಿತ್ತು. ಕಲ್ಲಿದ್ದಲ ಬೂದಿಯಲ್ಲಿರುವ ಗಂಧಕ ನೀರು ಕುಡಿದರೆ ಆಮ್ಲವಾಗುತ್ತದೆ, ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಆ ತಳ ಜರಡಿಯಾಗಿತ್ತು. ಇಂಜೆಕ್ಟರ್, ಪ್ರೆಶರ್ ಗೇಜ್, ಸಿಳ್ಳೆ, ಹಿತ್ತಾಳೆ ಮತ್ತು ಗನ್‌ಮೆಟಲ್‌ನ ಯಾವ ಭಾಗವೂ ಉಳಿದಿರಲಿಲ್ಲ. ಬಾಯ್ಲರಿನ ಹೊದಿಕೆ ತಗಡನ್ನು ಒಬ್ಬ ಹುಡುಗ ಎತ್ತಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಆ ಕಾಲದಲ್ಲಿ ಶಾಖ ತಡೆಯಲು ಕಲ್ನಾರು ಸುತ್ತುತ್ತಿದ್ದರು. ಅಪ್ಪನವರು ಅದನ್ನು ಬರಿಗೈಯಲ್ಲಿ ಕಿತ್ತು ಬಿಸಾಡುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಈಗ ಗೊತ್ತಿದೆ. ಎಂಜಿನ್ ಬಿಚ್ಚುವ ಕೆಲಸ ಶುರುವಾಗುವುದೇ ಈ ಕಲ್ನಾರನ್ನು ತಿಳಿದವರ ಕೈಯಲ್ಲಿ ತೆಗೆಸುವುದರಿಂದ.

ಹುಡುಗರು ಅಲ್ಟ್ರಾಸಾನಿಕ್ ಮೀಟರ್ ತಂದಿದ್ದರು. ಫಲಕಕ್ಕೆ ತಾಗಿಸಿದರೆ ದಪ್ಪ ಎಷ್ಟೆಂದು ಅಂಕಿ ತೋರಿಸುತ್ತದೆ. ಅಪ್ಪನ ಶೆಡ್ಡಿನಲ್ಲಿ ಇಂಥದ್ದಿರಲಿಲ್ಲ. ಒಂದು ಕಡೆ ದಪ್ಪ ಸರಿಯಿತ್ತು, ಗೇಣು ದೂರದಲ್ಲಿ ಅರ್ಧಕ್ಕೆ ಇಳಿದಿತ್ತು. "ಸರಾಸರಿ ಪರವಾಗಿಲ್ಲ ಸಾರ್" ಎಂದ ಒಬ್ಬ. ಬಾಯ್ಲರಿಗೆ ಸರಾಸರಿ ಅನ್ನುವುದಿಲ್ಲ. ಅತಿ ತೆಳುವಾದ ಜಾಗ ಎಷ್ಟು ತಡೆಯುತ್ತದೋ ಇಡೀ ಬಾಯ್ಲರು ಅಷ್ಟೇ ತಡೆಯುವುದು.

ಇದನ್ನು ಬಿಡಿಸಿ ಹೇಳಬೇಕಾಯಿತು. ವೈಪಿ ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಆ ಒತ್ತಡದಲ್ಲಿ ನೀರಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಅದು ಕುದಿಯದೆ ನೀರಾಗಿಯೇ ಇರುವುದು ಒತ್ತಡದ ಬಲದಿಂದ. ಫಲಕ ಹರಿದ ಕ್ಷಣ ಒತ್ತಡ ಹೋಗುತ್ತದೆ, ಟನ್ನುಗಟ್ಟಲೆ ನೀರಿನಲ್ಲಿ ಒಂದು ಪಾಲು ಥಟ್ಟನೆ ಉಗಿಯಾಗುತ್ತದೆ. ನೀರು ಉಗಿಯಾದರೆ ಸುಮಾರು 1600 ಪಟ್ಟು ಜಾಗ ಕೇಳುತ್ತದೆ. ಬಾಯ್ಲರ್ ಸಿಡಿತವೆಂದರೆ ಇದು. ಅದಕ್ಕೇ ಫೈರ್‌ಬಾಕ್ಸಿನ ನೆತ್ತಿಯಲ್ಲಿ ಸೀಸದ ಪ್ಲಗ್ ಇಡುತ್ತಿದ್ದರು. ನೀರು ನೆತ್ತಿಗಿಂತ ಕೆಳಗಿಳಿದರೆ ಸೀಸ ಕರಗಿ, ಉಗಿ ಒಲೆಗೆ ನುಗ್ಗಿ ಎಚ್ಚರಿಸುತ್ತದೆ. ಹಳೆ ಎಂಜಿನ್ನಿಗೆ ಮತ್ತೆ ಬೆಂಕಿ ಹಾಕುವ ಮುನ್ನ ಬೆಂಕಿಯ ಬಿಸಿ ಸಾಗುವ ಟ್ಯೂಬುಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕು, ಸವೆದ ಫಲಕ ಕತ್ತರಿಸಿ ಹೊಸದನ್ನು ಬೆಸೆಯಬೇಕು, ಸ್ಟೇಗಳನ್ನು ಬದಲಿಸಬೇಕು. ಆಮೇಲೆ ಬಾಯ್ಲರಿಗೆ ತಣ್ಣೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಹಾಕಿ ಪರೀಕ್ಷೆ. ಅದು ಗೆದ್ದ ಮೇಲೆ ಉಗಿಯ ಪರೀಕ್ಷೆ. ಕಾಯಿಸುವುದಕ್ಕೂ ಅವಸರ ಸಲ್ಲದು. ಒಂದು ಕಡೆ ಬೇಗ ಹಿಗ್ಗಿ ಇನ್ನೊಂದು ಕಡೆ ತಣ್ಣಗಿದ್ದರೆ ಟ್ಯೂಬಿನ ಬಾಯಿಗಳು ಸೋರತೊಡಗುತ್ತವೆ.

ಬಾಯ್ಲರ್ ಗೆದ್ದರೂ ಅದು ಅರ್ಧ ದಾರಿ. ವರ್ಷಾನುಗಟ್ಟಲೆ ಒಂದೇ ಕಡೆ ನಿಂತ ಎಂಜಿನ್ನಿನ ಬೇರಿಂಗ್‌ಗಳಿಗೆ ಹೊಸದಾಗಿ ವೈಟ್ ಮೆಟಲ್ ಎರಕ ಹೊಯ್ಯಬೇಕು. ಸಿಲಿಂಡರಿನ ಒಳಗೋಡೆ ಕೊರೆಸಿ ಪಿಸ್ಟನ್ ರಿಂಗ್ ಕೂರಿಸಬೇಕು. ಎರಡೂ ಪಕ್ಕದ ವಾಲ್ವುಗಳು ತೆರೆದು ಮುಚ್ಚುವ ಹೊತ್ತನ್ನು ಹೊಂದಿಸಬೇಕು. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ನಕ್ಷೆ ಹುಡುಕಿ, ಮರದ ಅಚ್ಚು ಮಾಡಿಸಿ, ಎರಕ ಹೊಯ್ಸಿ, ಲೇತಿನಲ್ಲಿ ತಿದ್ದಬೇಕು. ಕಲ್ಲಿದ್ದಲೂ ಯಾವುದೋ ಒಂದಾದರೆ ಆಗದು. ಬೂದಿ ಹೆಚ್ಚಿದ್ದರೆ ಒಲೆಯ ಜಾಲರಿ ಕಟ್ಟಿಕೊಂಡು ಉಗಿ ಏಳುವುದೇ ಇಲ್ಲ. ನೀರು ಗಡಸಾದರೆ ಟ್ಯೂಬಿಗೆ ಸುಣ್ಣದ ಪದರ ಕೂರುತ್ತದೆ. ಅಪ್ಪನ ಕಾಲದಲ್ಲಿ ಬಾಯ್ಲರ್ ತೊಳೆಯುವುದು ತಪ್ಪದ ಸರದಿಯಾಗಿತ್ತು. ಆಗ ದೊಡ್ಡ ಸ್ಟೇಷನ್ನುಗಳಲ್ಲಿ ನೀರಿನ ಕಂಬ, ಬೂದಿಗುಂಡಿ, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಇದ್ದವು. ಈಗ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕು. ಉಗಿ ಎಂಜಿನ್‌ಗಳಿಗಿದ್ದದ್ದು ವ್ಯಾಕ್ಯೂಮ್ ಬ್ರೇಕ್, ಇಂದಿನ ಬೋಗಿಗಳಿಗೆ ಏರ್ ಬ್ರೇಕ್. ಎರಡನ್ನೂ ಹೊಂದಿಸುವುದು ಮತ್ತೊಂದು ಕೆಲಸ.

ಇಷ್ಟೆಲ್ಲ ಮಾಡಿ ಗೆದ್ದವರು ನಮ್ಮ ದೇಶದಲ್ಲೇ ಇದ್ದಾರೆ. ಫೇರಿ ಕ್ವೀನ್ ಎಂಜಿನ್ 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಕಲ್ಕತ್ತೆಗೆ ಬಂದದ್ದು. 1909ರಲ್ಲಿ ಕೆಲಸ ಬಿಟ್ಟಿತು. ಚೆನ್ನೈನ ಪೆರಂಬೂರು ಲೋಕೋ ವರ್ಕ್ಸ್‌ನಲ್ಲಿ ಅದನ್ನು ಸಿದ್ಧಪಡಿಸಿ, 88 ವರ್ಷಗಳ ನಂತರ, 1997ರಲ್ಲಿ ಮತ್ತೆ ಮುಖ್ಯ ಮಾರ್ಗದಲ್ಲಿ ಓಡಿಸಿದರು. ದೆಹಲಿಯಿಂದ ಅಲ್ವರ್‌ಗೆ ಪ್ರವಾಸಿಗಳನ್ನು ಎಳೆಯಿತು. ಅದೇ ವರ್ಷ ಹುಟ್ಟಿದ ಅದರ ಜೋಡಿ ಇಐಆರ್ 21 ಎಂಜಿನ್ 2010ರಲ್ಲಿ ಪೆರಂಬೂರಿನಲ್ಲೇ ಮತ್ತೆ ಉಸಿರಾಡಿತು. ಆದರೆ ಒಮ್ಮೆ ಓಡಿಸಿದ್ದು ಸದಾ ಓಡುತ್ತದೆ ಎಂದಲ್ಲ. 2011ರಲ್ಲಿ ಫೇರಿ ಕ್ವೀನ್‌ನ ಮುಖ್ಯ ಭಾಗಗಳು ಕಳುವಾಗಿ ಅದು ವರ್ಷಗಟ್ಟಲೆ ದುರಸ್ತಿಯಲ್ಲಿ ಉಳಿಯಿತು. ಮತ್ತೆ ಓಡಿದ್ದು 2017ರಲ್ಲಿ. ನೀಲಗಿರಿ ರೈಲಿನವರದು ಇನ್ನೊಂದು ದಾರಿ. ಮೆಟ್ಟುಪಾಳ್ಯ–ಕೂನೂರಿನ ಹಲ್ಲುಹಳಿಗೆ ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ಹಳೆ ಎಕ್ಸ್ ಮಾದರಿ ಎಂಜಿನ್‌ಗಳು ದಣಿದಾಗ, ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿದರು.

ಆ ಎಂಜಿನ್‌ಗಳ ಬೆನ್ನಿಗೆ ದೊಡ್ಡ ವರ್ಕ್‌ಶಾಪ್ ಇತ್ತು, ಕೆಲಸ ಬಲ್ಲ ಕೈಗಳಿದ್ದವು, ಮುಖ್ಯವಾಗಿ ಓಡಲು ಹಳಿಯಿತ್ತು. ನಮ್ಮ ವೈಪಿಗೆ ಅದೇ ಇಲ್ಲ. ಅದರ ಗಾಲಿಗಳ ಅಂತರ 1000 ಮಿಲಿಮೀಟರ್. ಇಂದು ಕರ್ನಾಟಕದಲ್ಲಿ ರೈಲು ಓಡುವ ಹಳಿಗಳ ಅಂತರ 1676 ಮಿಲಿಮೀಟರ್. ನಮ್ಮ ಮೀಟರ್ ಗೇಜ್ ಮಾರ್ಗಗಳೆಲ್ಲ ಬ್ರಾಡ್ ಗೇಜ್ ಆಗಿವೆ. ಆ ಎಂಜಿನ್ನನ್ನು ಪೂರ್ತಿ ಸರಿಮಾಡಿದರೂ ನಿಲ್ಲಿಸಿದ ಕಟ್ಟೆಯ ಹಳಿಯಷ್ಟೇ ಅದರ ಪ್ರಪಂಚ.

ಹುಡುಗರಿಗೆ ಅದನ್ನೇ ಹೇಳಿದೆ. ಈ ಎಂಜಿನ್ ಓಡಿಸಬೇಡಿ. ಚಿಮಣಿಗೆ ಮುಚ್ಚಳ ಹಾಕಿಸಿ, ಸ್ಮೋಕ್‌ಬಾಕ್ಸಿನ ಬೂದಿ ತೆಗೆಸಿ, ಬಾಯ್ಲರಿನ ನೀರಿಳಿಯಲು ತೂತು ಬಿಡಿಸಿ, ಮೇಲೊಂದು ತಗಡಿನ ಮಾಡು ಕಟ್ಟಿಸಿ. ಬಣ್ಣಕ್ಕೆ ಸುರಿಯುವ ದುಡ್ಡಿನಲ್ಲಿ ಇಷ್ಟು ಮಾಡಿದರೆ ಮುಂದಿನ ತಲೆಮಾರಿಗೆ ನಿಜವಾದ ಎಂಜಿನ್ ಉಳಿಯುತ್ತದೆ. ಅವರಿಗೆ ಬೇಸರವಾಯಿತು. ಆದರೆ ಒಬ್ಬ, ಮೀಟರ್ ಹಿಡಿದಿದ್ದವನು, ಹೊರಡುವ ಮುಂಚೆ ಕೇಳಿದ: "ಸಾರ್, ಸ್ಟೇ ಮುರಿದಿದ್ದು ಮೀಟರಲ್ಲಿ ಗೊತ್ತಾಗುತ್ತಾ?"

ಗೊತ್ತಾಗುವುದಿಲ್ಲ. ಮೀಟರ್ ಹೇಳುವುದು ಫಲಕದ ದಪ್ಪ. ಮುರಿದ ಸ್ಟೇ ಹುಡುಕಲು ಇಂದಿಗೂ ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಅಪ್ರೆಂಟಿಸ್ ದಿನಗಳಲ್ಲಿ ಆ ಸದ್ದು ನನಗೆ ಕೊನೆಗೂ ಗೊತ್ತಾಗಿತ್ತು. ಅವನ ಕಿವಿಗೆ ಮೊದಲು ಸದ್ದುತಡೆ ಹಾಕಿಸುತ್ತೇನೆ, ಆಮೇಲೆ ಕಲಿಸುತ್ತೇನೆ ಎಂದೆ. ದೊಡ್ಡ ಸದ್ದನ್ನು ಕುಗ್ಗಿಸುವ ಸದ್ದುತಡೆಯೊಳಗಿಂದಲೂ ಟಣ್ ಮತ್ತು ಡಬ್‌ಗಳ ವ್ಯತ್ಯಾಸ ತಿಳಿಯುತ್ತದೆ.

ಚಿತ್ತರಂಜನ್ ಕಾರ್ಖಾನೆ ಕೊನೆಯ ಉಗಿ ಎಂಜಿನ್ ಕಟ್ಟಿದ್ದು 1972ರಲ್ಲಿ. ದೇಶದ ಬ್ರಾಡ್ ಗೇಜಿನಲ್ಲಿ ದಿನನಿತ್ಯದ ಉಗಿ ಸಂಚಾರ ಮುಗಿದದ್ದು 1995ರ ಡಿಸೆಂಬರಿನಲ್ಲಿ. ಶೆಡ್ಡುಗಳಲ್ಲಿ ಕೊನೆಗೆ ಸೇರಿಕೊಂಡ ಖಲಾಸಿಗೂ ಈಗ ಅರವತ್ತರ ಆಸುಪಾಸು. ನಿಮ್ಮೂರಲ್ಲಿ ಅಂಥ ಫೈರ್‌ಮನ್, ಫಿಟ್ಟರ್, ಬಾಯ್ಲರ್ ಮೇಕರ್ ಇದ್ದರೆ ಈ ತಿಂಗಳೇ ಹೋಗಿ ಕೂತು ಕೇಳಿ. ಅವರು ಹೇಳಿದ್ದನ್ನು ಬರೆದಿಡಿ, ಕೈ ಹೇಗೆ ಆಡುತ್ತದೆಂದು ಫೋನಿನಲ್ಲಿ ಹಿಡಿದಿಡಿ. ಕಬ್ಬಿಣ ಮಾಡಿನ ಕೆಳಗಿದ್ದರೆ ಇನ್ನೂ ನೂರು ವರ್ಷ ಕಾಯುತ್ತದೆ. ಅವರು ಕಾಯುವುದಿಲ್ಲ.